ಹಿತ್ತಾಳೆಯ ಹದ

ಮುನಿಸಿಪಲ್ ಕಮಿಷನರರಾಗಿದ್ದ ಟಿ. ಬಿ. ರಸೆಲ್ಲರ ಹೆಸರಿನಿಂದ 1927ರಲ್ಲಿ ತಲೆಯೆತ್ತಿದ ರಸೆಲ್ ಮಾರುಕಟ್ಟೆಯ ಹಣ್ಣು, ಹೂವು, ಮಾಂಸಗಳ ಗದ್ದಲವನ್ನು ದಾಟಿ ಶಿವಾಜಿನಗರದ ಸಂದಿಗೊಂದಿಗಳನ್ನು ಹೊಕ್ಕವರಿಗೆ, ಪಾತ್ರೆ ಬಡಿಯುವ ಸದ್ದೂ ಕಲಾಯಿಗಾರನ ನವಸಾಗರದ ಘಾಟೂ ಎದುರಾಗುವುದುಂಟು. ತಗ್ಗುಬಿದ್ದ ಹಿತ್ತಾಳೆಯ ಕೊಡವನ್ನು ಬಡಿಬಡಿದು ಸರಿಪಡಿಸುವಾಗ ಲೋಹವು ಪೆಟ್ಟಿಗೆ ಪೆಟ್ಟಿಗೆ ಬಿರುಸಾಗುತ್ತ ಬಂದು, ಇನ್ನೂ ಬಡಿದರೆ ಬಿರಿಯುವ ಸ್ಥಿತಿಗೆ ಮುಟ್ಟುವುದು. ಆಗ ಕುಶಲಿಯು ಅದನ್ನು ಕೆಂಡಕ್ಕೊಡ್ಡಿ, ನೆರಳಿನಲ್ಲಿ ಮಾತ್ರ ಕಾಣುವ ಮಂಕುಗೆಂಪು ಮೂಡಿದೊಡನೆ ಹೊರತೆಗೆದು ನೀರಿಗಿಳಿಸುತ್ತಾನೆ. ಉಕ್ಕಾಗಿದ್ದರೆ ಗಡಸಾಗುತ್ತಿತ್ತು, ಹಿತ್ತಾಳೆಯಾದರೋ ಮೃದುವಾಗಿಯೇ ಉಳಿಯುವುದು.

ಬಂದೂಕಿನ ತೋಟಾಕ್ಕೂ ಇದೇ ವಿದ್ಯೆ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆಯನ್ನು ಬಟ್ಟಲಾಗಿ ಒತ್ತಿ, ಬಟ್ಟಲನ್ನು ನಳಿಕೆಯಾಗಿ ಎಳೆಯುವಾಗ ನಡುನಡುವೆ ಕಾಯಿಸದೆ ವಿಧಿಯಿಲ್ಲ. ಹಾರಿಸಿದ ಕೋಶಕ್ಕೆ ಮರಳಿ ಮದ್ದು ತುಂಬುವ ಪರಿಪಾಠವಿರುವ ದೇಶಗಳಲ್ಲಿ, ಹಾರಿದಾಗಲೊಮ್ಮೆ ಹಿಗ್ಗಿ, ಅಚ್ಚಿನಲ್ಲೊಮ್ಮೆ ಕುಗ್ಗಿ ಬಿರುಸಾದ ಕೊರಳನ್ನು ಉರಿಗೆ ಹಿಡಿದು ಮೆದುಗೊಳಿಸುವರು. ಆದರೆ ಬುಡವು ಮೆತ್ತಗಾಗಕೂಡದು. ಸ್ಫೋಟದ ಒತ್ತಡವನ್ನು ತಡೆಯಬೇಕಾದುದು ಅದೇ. ಆದಕಾರಣ ಕೆಲವರು ಕೋಶಗಳನ್ನು ನೀರು ತುಂಬಿದ ತಟ್ಟೆಯಲ್ಲಿ ಬುಡ ಮುಳುಗುವಂತೆ ನಿಲ್ಲಿಸಿ ಕೊರಳಿಗಷ್ಟೇ ಜ್ವಾಲೆ ತೋರುವರು. ನಮ್ಮಲ್ಲಿಯಾದರೋ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ.

ಈ ಹದದ ಮಹತ್ವವನ್ನು ಬ್ರಿಟಿಷ್ ಸೈನ್ಯಕ್ಕೆ ಕಲಿಸಿದುದು ಭಾರತದ ಮಳೆಗಾಲವೆಂಬುದು ಸ್ವಾರಸ್ಯಕರ. 1809ರಿಂದ ದಂಡು ಬೀಡುಬಿಟ್ಟ ಬೆಂಗಳೂರಿನವರು ಈ ಕಥೆಯನ್ನು ಸ್ವಲ್ಪ ಕುತೂಹಲದಿಂದಲೇ ಓದಬಹುದು. ಮಳೆ ಕಳೆಯುವವರೆಗೆ ಲಾಯಗಳಲ್ಲಿ ಇರಿಸಿದ್ದ ತೋಟಾಗಳು ಯಾರೂ ಮುಟ್ಟದೆಯೇ ಸೀಳಿಬಿಡುತ್ತಿದ್ದುವು. ಕುದುರೆಯ ಮೂತ್ರದಿಂದ ಹೊಮ್ಮಿದ ಅಮೋನಿಯವು ತೇವದೊಡನೆ ಕೂಡಿ, ಎಳೆತದಿಂದ ಲೋಹದೊಳಗೆ ಉಳಿದಿದ್ದ ಬಿಗುವನ್ನು ಬಿರುಕಾಗಿಸುತ್ತಿದ್ದಿತೆಂದು ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬುವರು 1921ರಲ್ಲಿ ವಿವರಿಸಿದರು. ಕಲಾಯಿಗಾರನ ನವಸಾಗರವೂ ಕಾದಾಗ ಬಿಡುವುದು ಆ ಅಮೋನಿಯವನ್ನೇ! ಪರಿಹಾರವೂ ಅಗ್ಗದ್ದೇ: ತೋಟಾಗಳನ್ನು ಒಣನೆಲೆಯಲ್ಲಿಡುವುದು, ಎಳೆದಾದ ಮೇಲೆ ಹಿತವಾಗಿ ಕಾಯಿಸಿ ಬಿಗುವನ್ನು ಸಡಿಲಿಸುವುದು.

ಸೈನ್ಯದ ತೋಟಾಗಳ ಕೊರಳಲ್ಲಿ ಇಂದಿಗೂ ಕಾಣುವ ನೀಲಿ-ಕಂದು ಛಾಯೆ ಆ ಬೆಂಕಿಯ ಗುರುತು. ಕಾಯಿಸಿದ್ದಾರೆಂಬುದು ತಪಾಸಣೆ ಮಾಡುವವನಿಗೆ ತಿಳಿಯಲೆಂದು ಅದನ್ನು ಉಜ್ಜದೆ ಬಿಡುವರು. ಬೇಟೆಗಾರರಿಗೆ ಮಾರುವ ತೋಟಾಗಳಲ್ಲಿ ಮಾತ್ರ ಸಾಮಾನ್ಯವಾಗಿ ಅದನ್ನು ಅಳಿಸಿ ಹೊಳಪೇರಿಸುವರು, ಕೊಳ್ಳುವವನು ಕಲೆಯನ್ನು ಕುಂದೆಂದು ಭಾವಿಸಿಯಾನೆಂದು.