ಎಳೆ ಹರಿದಾಗ ಮಗ್ಗ ಎಷ್ಟು ಬೇಗ ನಿಲ್ಲಬೇಕು?

ಗುಡೂರಿನ ಯಾವ ಓಣಿಗೆ ಹೋದರೂ ಮಗ್ಗದ ಸದ್ದು ಕೇಳುತ್ತದೆ. ನಮ್ಮ ಮನೆಯಲ್ಲೂ ಎರಡು ಪವರ್‌ಲೂಮ್ ಇವೆ. ಒಂದು ನಿಮಿಷಕ್ಕೆ ಲಾಳಿ ಸುಮಾರು 120 ಸಲ ಓಡುತ್ತದೆ. ಅಂದರೆ ಒಂದು ಹೊಕ್ಕಿಗೆ ಅರ್ಧ ಸೆಕೆಂಡು. ಹಾಸಿನ ಒಂದು ಎಳೆ ಹರಿದರೆ ಮಗ್ಗವನ್ನು ತಕ್ಷಣ ನಿಲ್ಲಿಸಿ ಗಂಟು ಹಾಕಬೇಕು. ತಡವಾದರೆ ಹರಿದ ಎಳೆ ಪಕ್ಕದ ಎಳೆಗಳಿಗೆ ಸುತ್ತಿಕೊಳ್ಳುತ್ತದೆ. ಅದರಲ್ಲಿ ಲಾಳಿ ಸಿಕ್ಕಿಬಿದ್ದರೆ ಹತ್ತಾರು ಎಳೆಗಳು ಒಮ್ಮೆಲೇ ಹೋಗುತ್ತವೆ.

ಎರಡೂ ಮಗ್ಗಗಳನ್ನು ಅಬ್ಬಾ ಒಬ್ಬರೇ ನೋಡಿಕೊಳ್ಳುತ್ತಾರೆ. ಅದಕ್ಕೆ ಡಿಪ್ಲೊಮಾ ಓದುವ ನಮ್ಮ ಭಾಯಿ ಹೋದ ರಜೆಯಲ್ಲಿ ಒಂದು ಸಾಧನ ಮಾಡಿದ. ದಡಿಯ ಪ್ರತಿ ಎಳೆಗೂ ತೆಳುವಾದ ಒಂದು ಲೋಹದ ಪಟ್ಟಿ ತೂಗುಹಾಕಿದ. ಎಳೆ ಹರಿದರೆ ಪಟ್ಟಿ ಕೆಳಗಿನ ಸರಳಿನ ಮೇಲೆ ಬೀಳುತ್ತದೆ, ಕರೆಂಟ್ ಹರಿಯುತ್ತದೆ. ಒಂದು ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡ್ ಅದನ್ನು ಗಮನಿಸಿ ಮಗ್ಗ ನಿಲ್ಲಿಸುವ ಹಿಡಿಕೆಯನ್ನು ಎಳೆಯುತ್ತದೆ. ಅದೇ ಬೋರ್ಡ್ ಹೊಕ್ಕುಗಳನ್ನು ಎಣಿಸುತ್ತಿತ್ತು, ಪರದೆಯ ಮೇಲೆ ತೋರಿಸುತ್ತಿತ್ತು, ಅರ್ಧ ಗಂಟೆಗೊಮ್ಮೆ ಅಬ್ಬಾರ ಮೊಬೈಲಿಗೆ ಮೆಸೇಜನ್ನೂ ಕಳಿಸುತ್ತಿತ್ತು.

ಎರಡು ವಾರ ಎಲ್ಲ ಸರಿಯಾಗಿ ನಡೆಯಿತು. ಒಂದು ಸಂಜೆ ಎಳೆ ಹರಿದರೂ ಮಗ್ಗ ನಿಲ್ಲಲಿಲ್ಲ. ಲಾಳಿ ಸಿಕ್ಕಿ 40ಕ್ಕೂ ಹೆಚ್ಚು ಎಳೆಗಳು ಹರಿದವು. ಅಮ್ಮಿ ಮತ್ತು ನಾನು ಇಷಾ ನಮಾಜಿನ ಹೊತ್ತಿನವರೆಗೆ ಕುಳಿತು ಅವನ್ನು ಜೋಡಿಸಿದೆವು. ಆ ಸೀರೆಯ ಮಜೂರಿಯಲ್ಲೂ ಕಡಿತವಾಯಿತು. "ನಿನ್ನ ಯಂತ್ರ ಎಲ್ಲಿ ಮಲಗಿತ್ತೋ?" ಎಂದು ಅಮ್ಮಿ ಭಾಯಿಯನ್ನು ಕೇಳಿದರು.

ಯಂತ್ರ ಮಲಗಿರಲಿಲ್ಲ, ಮೆಸೇಜ್ ಕಳಿಸುತ್ತಿತ್ತು. ನೆಟ್‌ವರ್ಕ್ ಸಿಗದೆ 10 ಸೆಕೆಂಡು ಕಾಯುತ್ತ ನಿಂತಿತ್ತು. ಅಷ್ಟರಲ್ಲಿ 20 ಹೊಕ್ಕು ಮುಗಿದಿದ್ದವು. ನಾನು ಕಾಮರ್ಸ್ ವಿದ್ಯಾರ್ಥಿನಿ, ಎಲೆಕ್ಟ್ರಾನಿಕ್ಸ್ ಓದಿದವಳಲ್ಲ. ಆದರೂ ಹೀಗೇಕಾಯಿತು ಎಂದು ಭಾಯಿಯ ಪಕ್ಕ ಕುಳಿತು ಕೇಳಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಘಟನೆ ನಡೆದ ಕ್ಷಣದಿಂದ ಕಂಪ್ಯೂಟರ್ ಅದಕ್ಕೆ ಉತ್ತರ ಕೊಡುವವರೆಗಿನ ಸಮಯಕ್ಕೆ ಲೇಟೆನ್ಸಿ ಎನ್ನುತ್ತಾರೆ. ಕನ್ನಡದಲ್ಲಿ ವಿಳಂಬ ಎನ್ನಬಹುದು. ಕೆಲವು ಕೆಲಸಗಳಲ್ಲಿ ವಿಳಂಬವಾದರೆ ಬೇಸರ ಅಷ್ಟೇ, ಮೊಬೈಲಿನಲ್ಲಿ ವಿಡಿಯೊ ನಿಂತಂತೆ. ಇನ್ನು ಕೆಲವು ಕೆಲಸಗಳು ರಂಜಾನಿನ ಸಹರಿಯಂತೆ. ಊಟ ಎಷ್ಟೇ ರುಚಿಯಾಗಿರಲಿ, ಫಜ್ರ್ ಅಜಾನ್ ಆದ ಮೇಲೆ ತಟ್ಟೆಗೆ ಬಂದರೆ ಉಪಯೋಗವಿಲ್ಲ. ಹೀಗೆ ಗಡುವಿನೊಳಗೆ ಮುಗಿಯಲೇಬೇಕಾದ ಕೆಲಸಗಳಿಗಾಗಿ ಇರುವುದೇ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್. ಅದರ ನಡುಭಾಗ, ಅಂದರೆ ಯಾವ ಕೆಲಸ ಈಗ ಓಡಬೇಕು ಎಂದು ತೀರ್ಮಾನಿಸುವ ಭಾಗವೇ ಕರ್ನೆಲ್.

ಇಲ್ಲಿ ನಮ್ಮ ಸಂಖ್ಯಾಶಾಸ್ತ್ರದ ಪಾಠ ನೆನಪಿಗೆ ಬಂತು. ಮಗ್ಗ 20 ಸಲ ನಿಂತಿತು ಎಂದುಕೊಳ್ಳಿ. 19 ಸಲ ವಿಳಂಬ 20 ಮಿಲಿಸೆಕೆಂಡು, ಒಂದು ಸಲ 10,000 ಮಿಲಿಸೆಕೆಂಡು. ಸರಾಸರಿ 519 ಮಿಲಿಸೆಕೆಂಡು, ಅಂದರೆ ಸುಮಾರು ಒಂದೇ ಹೊಕ್ಕು. ಮಧ್ಯಾಂಕ 20, ಬಹುಲಕವೂ 20. ಮೂರನ್ನೂ ನೋಡಿದವರು ಸಾಧನ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಆದರೆ ನಮ್ಮ 40 ಎಳೆ ಹರಿದದ್ದು ಆ ಒಂದು ಸಲದಲ್ಲಿ. ಆದ್ದರಿಂದ ಇಂಥ ಕಡೆ ವಿಳಂಬ ಕಡಿಮೆ ಮಾಡುವುದೆಂದರೆ ಸರಾಸರಿಯನ್ನು ಇಳಿಸುವುದಲ್ಲ, ಗರಿಷ್ಠವನ್ನು ಇಳಿಸುವುದು.

ಇದು ಮಗ್ಗಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನವನ್ನು ಚುರುಕಾಗಿ ತಿರುಗಲೆಂದು ಬೇಕೆಂದೇ ಅಸ್ಥಿರವಾಗಿ ರೂಪಿಸಿದ್ದಾರೆ. ಪೈಲಟ್ ಒಬ್ಬನ ಕೈಯಿಂದ ಅದನ್ನು ನೇರವಾಗಿ ಇಟ್ಟುಕೊಳ್ಳಲು ಆಗದು. ನಾಲ್ಕು ಚಾನೆಲ್‌ಗಳ ಕಂಪ್ಯೂಟರ್ ವ್ಯವಸ್ಥೆ ಪ್ರತಿ ಕ್ಷಣವೂ ಅದನ್ನು ತಿದ್ದುತ್ತಿರಬೇಕು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯುವಾಗ ಇಸ್ರೋ ವಿಜ್ಞಾನಿಗಳು ಬೆಂಗಳೂರಿನಲ್ಲಿ ಕುಳಿತು ನೋಡುತ್ತಿದ್ದರು. ಚಂದ್ರನಿಂದ ಸಂಕೇತ ಬರಲು ಸುಮಾರು 1.3 ಸೆಕೆಂಡು, ಉತ್ತರ ಹೋಗಲು ಮತ್ತೆ ಅಷ್ಟೇ. ಹಾಗಾಗಿ ಇಳಿಯುವ ತೀರ್ಮಾನಗಳನ್ನೆಲ್ಲ ವಿಕ್ರಮ್ ಲ್ಯಾಂಡರ್‌ನೊಳಗಿನ ಕಂಪ್ಯೂಟರೇ ತೆಗೆದುಕೊಳ್ಳಬೇಕಿತ್ತು.

ಈಗ ಭಾಯಿ ಮಾಡಿದ ತಿದ್ದುಪಡಿಗಳನ್ನು ನೋಡೋಣ.

ಮೊದಲಿನ ಪ್ರೋಗ್ರಾಮ್ ಗಸ್ತು ತಿರುಗುವವನಂತೆ ಒಂದಾದ ಮೇಲೊಂದು ಕೆಲಸ ಮಾಡುತ್ತಿತ್ತು. ಎಳೆ ನೋಡು, ಎಣಿಸು, ಪರದೆಗೆ ಬರೆ, ಮೆಸೇಜ್ ಕಳಿಸು, ಮತ್ತೆ ಎಳೆ ನೋಡು. ಮೆಸೇಜಿನ ಬಳಿ ಸಿಕ್ಕಿಕೊಂಡರೆ ಎಳೆಯನ್ನು ನೋಡುವವರೇ ಇಲ್ಲ. ಇದಕ್ಕೆ ಪರಿಹಾರ ಇಂಟರಪ್ಟ್. ಇದು ಬಾಗಿಲ ಗಂಟೆಯಂತೆ. ಪಟ್ಟಿ ಬಿದ್ದೊಡನೆ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಆ ಕಡೆ ಓಡುತ್ತದೆ. ಭಾಯಿ ಹೊಸದಾಗಿ ತಂದ ಬೋರ್ಡಿನಲ್ಲಿ ಕಾರ್ಟೆಕ್ಸ್-ಎಂ3 ಪ್ರೊಸೆಸರ್ ಇದೆ. ಮೆಮೊರಿ ಕಾಯಿಸದಿದ್ದರೆ ಅದು 12 ಗಡಿಯಾರ ಮಿಡಿತಗಳಲ್ಲಿ ಇಂಟರಪ್ಟಿನ ಕೆಲಸ ಶುರು ಮಾಡುತ್ತದೆ. 72 ಮೆಗಾಹರ್ಟ್ಸ್ ವೇಗದಲ್ಲಿ ಅದು ಒಂದು ಮೈಕ್ರೋಸೆಕೆಂಡಿನ ಆರನೇ ಒಂದು ಭಾಗ.

ಆದರೆ ಪ್ರೋಗ್ರಾಮಿನ ಕೆಲವು ಭಾಗಗಳು ನಡುವೆ ಅಡ್ಡಿಯಾಗದಿರಲೆಂದು ಇಂಟರಪ್ಟನ್ನೇ ಮುಚ್ಚಿಡುತ್ತವೆ. ಅಷ್ಟು ಹೊತ್ತು ಗಂಟೆ ಬಾರಿಸಿದರೂ ಯಾರಿಗೂ ಕೇಳದು. ಅಂಥ ಭಾಗಗಳು ಆದಷ್ಟು ಚಿಕ್ಕದಾಗಿರಬೇಕು. ಇಂಟರಪ್ಟಿನೊಳಗೂ ಉದ್ದದ ಕೆಲಸ ಮಾಡಬಾರದು. "ಎಳೆ ಹರಿದಿದೆ" ಎಂದು ಗುರುತು ಹಾಕಿ ಹೊರಬರಬೇಕು. ಉಳಿದದ್ದನ್ನು ಕರ್ನೆಲ್ ನೋಡಿಕೊಳ್ಳುತ್ತದೆ.

ಕರ್ನೆಲ್ ಪ್ರತಿ ಕೆಲಸಕ್ಕೂ ಒಂದು ಆದ್ಯತೆ ಕೊಡುತ್ತದೆ. ನಮ್ಮಲ್ಲಿ ಮಗ್ಗ ನಿಲ್ಲಿಸುವುದು ಮೊದಲು, ಹೊಕ್ಕು ಎಣಿಸುವುದು ನಂತರ, ಮೆಸೇಜ್ ಕೊನೆಗೆ. ದೊಡ್ಡ ಆದ್ಯತೆಯ ಕೆಲಸ ಎದ್ದೊಡನೆ ಚಿಕ್ಕದನ್ನು ಅರ್ಧಕ್ಕೆ ನಿಲ್ಲಿಸಿ ಅದಕ್ಕೆ ಜಾಗ ಕೊಡುತ್ತದೆ.

ಇಷ್ಟಾದರೂ ಪರೀಕ್ಷೆ ಮಾಡುವಾಗ ಒಮ್ಮೊಮ್ಮೆ ವಿಳಂಬ ಕಂಡಿತು. ಮಗ್ಗ ನಿಲ್ಲಿಸುವ ಕೆಲಸ ಮೊದಲು ಪರದೆಯ ಮೇಲೆ ಬರೆದು, ನಂತರ ಹಿಡಿಕೆ ಎಳೆಯುತ್ತಿತ್ತು. ಆ ಪರದೆಯ ಬೀಗ ಮೆಸೇಜ್ ಕೆಲಸದ ಕೈಯಲ್ಲಿತ್ತು. ಅದು ಬೀಗ ಬಿಡಬೇಕೆಂದರೆ ಎಣಿಸುವ ಕೆಲಸ ನಡುವೆ ನುಗ್ಗಿ ಅದನ್ನು ಓಡಲು ಬಿಡುತ್ತಿರಲಿಲ್ಲ. ಹೀಗೆ ದೊಡ್ಡವನು ಚಿಕ್ಕವನಿಗಾಗಿ, ಚಿಕ್ಕವನು ನಡುವಿನವನಿಗಾಗಿ ಕಾಯುವುದಕ್ಕೆ ಆದ್ಯತೆಯ ತಿರುವುಮುರುವು ಎನ್ನಬಹುದು.

1997ರ ಜುಲೈ 4ರಂದು ಮಂಗಳ ಗ್ರಹಕ್ಕೆ ಇಳಿದ ಅಮೆರಿಕದ ಪಾತ್‌ಫೈಂಡರ್ ನೌಕೆಗೂ ಇದೇ ತೊಂದರೆ ಬಂದಿತ್ತು. ಹವಾಮಾನದ ಮಾಹಿತಿ ಸಂಗ್ರಹಿಸುವ ಚಿಕ್ಕ ಕೆಲಸದ ಕೈಯಲ್ಲಿ ಬೀಗವಿದ್ದಾಗ ಮುಖ್ಯ ಕೆಲಸ ಕಾಯಬೇಕಾಗುತ್ತಿತ್ತು. ಗಡುವು ತಪ್ಪಿದ್ದನ್ನು ಕಂಡು ಕಂಪ್ಯೂಟರ್ ತನ್ನನ್ನು ತಾನೇ ಮತ್ತೆ ಮತ್ತೆ ರೀಸೆಟ್ ಮಾಡಿಕೊಳ್ಳುತ್ತಿತ್ತು. ಇದಕ್ಕೆ ಪರಿಹಾರವನ್ನು ಲೂಯಿ ಶಾ, ರಾಜ್‌ಕುಮಾರ್ ಮತ್ತು ಲೆಹೋಸ್ಕಿ 1990ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು. ದೊಡ್ಡವನು ಕಾಯುತ್ತಿದ್ದರೆ, ಬೀಗ ಹಿಡಿದ ಚಿಕ್ಕವನಿಗೆ ಅಷ್ಟು ಹೊತ್ತು ದೊಡ್ಡವನ ಆದ್ಯತೆಯನ್ನೇ ಕೊಡಬೇಕು. ಆಗ ನಡುವಿನವನು ನುಗ್ಗಲಾರ. ಎಂಜಿನಿಯರುಗಳು ಭೂಮಿಯಿಂದಲೇ ಸೂಚನೆ ಕಳಿಸಿ ಈ ವ್ಯವಸ್ಥೆಯನ್ನು ಚಾಲೂ ಮಾಡಿದರು.

ಭಾಯಿಯೂ ಅದನ್ನು ಚಾಲೂ ಮಾಡಿದ. ಜೊತೆಗೆ ಇನ್ನೊಂದು ಸರಳ ಬದಲಾವಣೆ ಮಾಡಿದ. ಮೊದಲು ಹಿಡಿಕೆ ಎಳೆ, ಪರದೆಗೆ ಆಮೇಲೆ ಬರೆ.

ಇದೆಲ್ಲ ಪುಕ್ಕಟೆ ಸಿಗುವುದಿಲ್ಲ. ಕೆಲಸದಿಂದ ಕೆಲಸಕ್ಕೆ ಜಿಗಿಯಲೂ ಪ್ರೊಸೆಸರಿಗೆ ಸಮಯ ಬೇಕು, ಆದ್ದರಿಂದ ಒಟ್ಟು ಕೆಲಸ ಸ್ವಲ್ಪ ಕಡಿಮೆಯಾಗಬಹುದು. ನಾವು ಓದುವ ಅವಕಾಶ ವೆಚ್ಚದಂತೆಯೇ ಇದು. ಮತ್ತೊಂದು ಮಾತು, ಬೋರ್ಡ್ ಮೈಕ್ರೋಸೆಕೆಂಡುಗಳಲ್ಲಿ ಉತ್ತರಿಸಿದರೂ ಮಗ್ಗದ ಭಾರವಾದ ಚಕ್ರ ಬ್ರೇಕ್ ಹಿಡಿದು ನಿಲ್ಲಲು ಅದರದೇ ಸಮಯ ಬೇಕು. ಈಗ ನಮ್ಮ ಮಗ್ಗಕ್ಕೆ ಬೇಕಾಗಿರುವುದು ಹೊಸ ಬ್ರೇಕ್ ಪಟ್ಟಿ, ಇನ್ನೂ ವೇಗದ ಪ್ರೊಸೆಸರ್ ಅಲ್ಲ.

ಮಗ್ಗ ನಿಂತಾಗಲೆಲ್ಲ ಎಷ್ಟು ಹೊಕ್ಕು ತಡವಾಯಿತು ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಸರಾಸರಿಯ ಕಾಲಮ್ ಹಾಕಿಲ್ಲ, ಗರಿಷ್ಠದ್ದು ಮಾತ್ರ ಇದೆ. ಮೂರು ವಾರಗಳಿಂದ ಅಲ್ಲಿ 2 ಎಂದೇ ಇದೆ. ಮೆಸೇಜ್ ಮಾತ್ರ ಈಗ ಕೆಲವು ಸಲ ತಡವಾಗಿ ಬರುತ್ತದೆ. ಅಬ್ಬಾ ಅದಕ್ಕೆ ಏನೂ ಅನ್ನುವುದಿಲ್ಲ.