ಟಾರಿಗೂ ಕೆಸರಿಗೂ ಒಂದೇ ಮೋಟಾರು ಸೈಕಲ್ಲು

ಮಳೆಗಾಲದಲ್ಲಿ ಶಿವಮೊಗ್ಗದಿಂದ ಆಗುಂಬೆಯ ಕಡೆಗೆ ಹೊರಟ ಸವಾರನಿಗೆ ತೀರ್ಥಹಳ್ಳಿಯವರೆಗೆ ಹೆಚ್ಚಿನ ಚಿಂತೆಯಿರುವುದಿಲ್ಲ. ಕಾಲಕೆಳಗೆ ಟಾರು ರಸ್ತೆಯಿರುತ್ತದೆ. ಅಲ್ಲಿಂದ ಒಳನಾಡಿನ ಯಾವುದಾದರೊಂದು ತೋಟದ ಮನೆಯ ದಾರಿಗೆ ತಿರುಗಿದನೆಂದರೆ ಲೋಕವೇ ಬೇರೆ. ಜಂಬಿಟ್ಟಿಗೆಯ ಕೆಂಪು ಮಣ್ಣು ನೆನೆದು ಬೆಣ್ಣೆಯಾಗಿರುತ್ತದೆ. ಅದರ ನಡುವೆ ನೀರು ಕೊರೆದ ಕೊರಕಲು, ತಲೆಯೆತ್ತಿದ ಕಲ್ಲು. ಅಷ್ಟು ಹೊತ್ತು ವಿಧೇಯವಾಗಿದ್ದ ವಾಹನವು ಹಠಾತ್ತನೆ ಅಡ್ಡಜಾರತೊಡಗುತ್ತದೆ. ಸವಾರನೂ ಅವನೇ, ಯಂತ್ರವೂ ಅದೇ; ಬದಲಾದುದು ನೆಲ ಮಾತ್ರ.

ನೀರಿಗೂ ನೆಲಕ್ಕೂ ಹೊಂದಿಕೊಂಡ ಕಪ್ಪೆಯನ್ನು ನಾವು ಉಭಯಚರವೆಂದು ಕರೆಯುತ್ತೇವೆ. ಮೋಟಾರು ಸೈಕಲ್ಲುಗಳಲ್ಲಿಯೂ ಅಂತಹ ಒಂದು ಜಾತಿಯಿದೆ. ಅದಕ್ಕೆ ಡ್ಯುಯಲ್ ಸ್ಪೋರ್ಟ್ ಎಂದು ಹೆಸರು. ಜಪಾನಿನ ಯಮಹಾ ಸಂಸ್ಥೆಯು 1968ರಲ್ಲಿ ಮಾರುಕಟ್ಟೆಗೆ ತಂದ 250 ಸಿ.ಸಿ.ಯ ಡಿ.ಟಿ.-1 ಈ ಜಾತಿಯನ್ನು ಜನಪ್ರಿಯಗೊಳಿಸಿತು. ನಮ್ಮ ದೇಶದಲ್ಲಿ ಸಾಮಾನ್ಯರ ಕೈಗೆಟುಕುವಂತೆ ಬಂದವು ಕೆಲವೇ: 2011ರಲ್ಲಿ ಹೀರೋ ಇಂಪಲ್ಸ್, 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200. ಇವುಗಳಲ್ಲಿ ಇಂಪಲ್ಸ್ ಮತ್ತು 411 ಸಿ.ಸಿ.ಯ ಹಿಮಾಲಯನ್ ಈಗ ತಯಾರಾಗುತ್ತಿಲ್ಲವಾದ್ದರಿಂದ ಅವನ್ನು ಹಳೆಯ ಗಾಡಿಗಳ ಪೇಟೆಯಲ್ಲಿಯೇ ಹುಡುಕಬೇಕು.

ಕೊಳ್ಳಹೊರಟ ತರುಣನು ಮೊದಲು ಕೇಳುವ ಪ್ರಶ್ನೆ, ಎಂಜಿನ್ನಿನ ಬಲವೆಷ್ಟು ಎಂಬುದು. ಮೊದಲು ಕೇಳತಕ್ಕದ್ದು ತೂಕವೆಷ್ಟು ಎಂಬುದನ್ನು ಎಂದು ನಮ್ಮ ಅಭಿಪ್ರಾಯ. 2019ರ ಎಕ್ಸ್‌ಪಲ್ಸ್ 154 ಕಿಲೋಗ್ರಾಂ ತೂಗುತ್ತದೆ. ಹಿಮಾಲಯನ್ 190ಕ್ಕೂ ಮೇಲೆ. ಹಿಮಾಲಯನ್ನಿನ ತಿರುಚುಬಲ 32 ನ್ಯೂಟನ್-ಮೀಟರ್, ಅದೂ ನಿಮಿಷಕ್ಕೆ ನಾಲ್ಕು ಸಾವಿರ ಚಿಲ್ಲರೆ ಸುತ್ತುಗಳಲ್ಲಿಯೇ. ಎಕ್ಸ್‌ಪಲ್ಸಿನದು ಸುಮಾರು 17, ಅದಕ್ಕೂ ಆರೂವರೆ ಸಾವಿರ ಸುತ್ತು ಬೇಕು. ಹೇರು ಹೊತ್ತು ಘಟ್ಟವೇರುವಾಗ ಮೊದಲನೆಯದೇ ಮೇಲು. ಆದರೆ ಜನಸಂಚಾರವಿಲ್ಲದ ಕೆಸರಿನಲ್ಲಿ ಉರುಳಿಬಿದ್ದ ವಾಹನವನ್ನು ಒಬ್ಬಂಟಿಯಾಗಿ ಎತ್ತಿ ನಿಲ್ಲಿಸಬೇಕಾಗಿ ಬಂದಾಗ ಆ ನಲವತ್ತು ಕಿಲೋಗ್ರಾಂ ಎಂದರೇನೆಂಬುದು ತೋಳುಗಳಿಗೆ ತಿಳಿಯುತ್ತದೆ. ಅಂಗಡಿಯಲ್ಲಿ ಸೀಟಿನ ಮೇಲೆ ಕುಳಿತು ಕಾಲು ನೆಲಕ್ಕೆ ತಾಗುವುದೇ ಎಂದು ನೋಡುವುದೂ ಇದೇ ಕಾರಣಕ್ಕೆ. ಎಕ್ಸ್‌ಪಲ್ಸಿನ ಸೀಟು 823 ಮಿಲಿಮೀಟರ್ ಎತ್ತರದಲ್ಲಿದೆ. ಗಿಡ್ಡನೆಯವರಿಗೆ ಇದು ಸಣ್ಣ ವಿಷಯವಲ್ಲ.

ಈ ಎರಡೂ ವಾಹನಗಳ ಮುಂಚಕ್ರ 21 ಅಂಗುಲದ್ದು. ಸಾಧಾರಣ ಬೈಕುಗಳದು 17. ಇದು ಬರಿಯ ಠೀವಿಗಾಗಿ ಮಾಡಿದುದಲ್ಲ. ಟಯರಿನ ಮೇಲೆ 90/90-21 ಎಂದು ಬರೆದಿದ್ದರೆ, ಅಗಲ 90 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡ 90, ಅಂದರೆ 81 ಮಿಲಿಮೀಟರ್, ಒಳಗಿನ ರಿಮ್ಮಿನ ವ್ಯಾಸ 21 ಅಂಗುಲ ಎಂದರ್ಥ. ಕೂಡಿದರೆ ಚಕ್ರದ ಪೂರ್ಣ ವ್ಯಾಸ ಸುಮಾರು 695 ಮಿಲಿಮೀಟರ್. 100/80-17ರ ಚಕ್ರ ಸುಮಾರು 592. ಈಗ ದಾರಿಯಲ್ಲಿ 5 ಸೆಂಟಿಮೀಟರ್ ಎತ್ತರದ ಕಲ್ಲೊಂದು ಅಡ್ಡಬಂದಿತೆನ್ನೋಣ. ಚಕ್ರವು ಬಾಗದ ಗಟ್ಟಿ ವಸ್ತುವೆಂದು ಭಾವಿಸಿ ಕಾಲೇಜಿನಲ್ಲಿ ಕಲಿತ ಸನ್ನೆಯ ನಿಯಮವನ್ನು ಹಚ್ಚಿದರೆ, ಆ ಕಲ್ಲನ್ನು ಮೆಲ್ಲನೆ ಏರಲು ಚಿಕ್ಕ ಚಕ್ರದ ಅಚ್ಚನ್ನು ಅದರ ಮೇಲಿನ ಭಾರದ ಶೇಕಡ 67ರಷ್ಟು ಬಲದಿಂದ ಮುಂದಕ್ಕೆ ನೂಕಬೇಕು. ದೊಡ್ಡ ಚಕ್ರಕ್ಕೆ 60 ಸಾಕು. ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. ವ್ಯತ್ಯಾಸ ಹತ್ತರಲ್ಲೊಂದು ಪಾಲು. ಆದರೆ ಕಲ್ಲುಗಳಿಗೆ ಲೆಕ್ಕವಿಲ್ಲವಷ್ಟೆ.

ಇಷ್ಟೆಲ್ಲ ಅಳೆದು ಸುರಿದು ವಾಹನವನ್ನು ತಂದರೂ ನೆಲವನ್ನು ಮುಟ್ಟುವುದು ಟಯರೊಂದೇ. ಹಿಂಚಕ್ರದ ಮೇಲೆ 130 ಕಿಲೋಗ್ರಾಂ ಭಾರವಿದ್ದು, ಟಯರಿನೊಳಗೆ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಒತ್ತಡದ ಗಾಳಿಯಿದ್ದರೆ, ನೆಲಕ್ಕೆ ತಾಗುವ ವಿಸ್ತೀರ್ಣ ಸುಮಾರು 65 ಚದರ ಸೆಂಟಿಮೀಟರ್, ಅಂದರೆ ಅಂಗೈಯಗಲ. ಓಟ, ತಿರುವು, ನಿಲುಗಡೆ ಎಲ್ಲವೂ ಇಂತಹ ಎರಡು ತಾಣಗಳನ್ನೇ ನೆಚ್ಚಿವೆ.

ಟಾರಿನ ಮೇಲೆ ರಬ್ಬರು ರಸ್ತೆಯ ಸೂಕ್ಷ್ಮವಾದ ಉಬ್ಬುತಗ್ಗುಗಳಿಗೆ ಅಂಟಿಕೊಂಡು ಹಿಡಿತ ಪಡೆಯುತ್ತದೆ; ಅಲ್ಲಿ ಹೆಚ್ಚು ರಬ್ಬರು ತಾಗಿದಷ್ಟೂ ಒಳ್ಳೆಯದು. ಕೆಸರಿನಲ್ಲಿ ಈ ಉಪಾಯ ನಡೆಯದು. ಮೇಲಿನ ಪದರವೇ ಜಾರುತ್ತಿರುವಾಗ ಅದಕ್ಕೆ ಅಂಟಿ ಪ್ರಯೋಜನವೇನು? ಅದನ್ನು ಸೀಳಿ ಕೆಳಗಿನ ಗಟ್ಟಿ ನೆಲದೊಳಕ್ಕೆ ಹಲ್ಲೂರಬೇಕು. ನಾಟಿಗೆ ಮುಂಚೆ ಗದ್ದೆಗಿಳಿಯುವ ಟ್ರಾಕ್ಟರಿಗೆ ಕಬ್ಬಿಣದ ಪಂಜರದಂತಹ ಚಕ್ರ ತೊಡಿಸುವುದನ್ನು ಕಂಡವರಿಗೆ ಈ ತತ್ತ್ವವನ್ನು ಬೇರೆ ವಿವರಿಸಬೇಕಾಗಿಲ್ಲ. ದಪ್ಪ ದಪ್ಪ ರಬ್ಬರಿನ ಗುಬುಟುಗಳುಳ್ಳ ಟಯರು ಮಾಡುವುದೂ ಅದನ್ನೇ. ಗುಬುಟುಗಳ ನಡುವೆ ತೆರಪು ವಿಶಾಲವಾಗಿದ್ದರೆ ಚಕ್ರ ತಿರುಗಿದಂತೆ ಕೆಸರು ಸಿಡಿದುಹೋಗುತ್ತದೆ; ಇಕ್ಕಟ್ಟಾಗಿದ್ದರೆ ಅಲ್ಲಿಯೇ ತುಂಬಿಕೊಂಡು, ಟಯರು ನುಣ್ಣನೆಯ ಮಣ್ಣಿನ ಗಾಲಿಯಾಗುತ್ತದೆ.

ಅದೇ ಗುಬುಟಿನ ಟಯರು ಟಾರಿಗೆ ಬಂದಾಗ ಗುಬುಟುಗಳ ನೆತ್ತಿ ಮಾತ್ರ ರಸ್ತೆಗೆ ತಾಗುತ್ತದೆ. ಬ್ರೇಕು ಹಾಕಿದಾಗ, ತಿರುವಿನಲ್ಲಿ ವಾಲಿದಾಗ ಅವು ಬಳುಕುತ್ತವೆ, ಬೇಗನೆ ಸವೆಯುತ್ತವೆ. ಒದ್ದೆಯಾದ ಘಟ್ಟದ ರಸ್ತೆಯಲ್ಲಿ ಇದು ಅಪಾಯದ ವಿಷಯ. ಕಾಡಿನ ಚಿತ್ರಗಳಿಗೆ ಮನಸೋತು ಇಂತಹ ಟಯರು ಹಾಕಿಸಿ, ದಿನವೂ ಕಾಲೇಜಿಗೆ ಮಾತ್ರ ಹೋಗಿಬರುವವರು ಹಣವನ್ನೂ ಹಿಡಿತವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ.

ಹಾಗಾದರೆ ಆಯ್ಕೆ ಹೇಗೆ? ಒಂದು ತಿಂಗಳು ತಾನು ಓಡಿದ ದಾರಿಯನ್ನು ಬರೆದಿಟ್ಟು, ಟಾರೆಷ್ಟು, ಮಣ್ಣೆಷ್ಟು ಎಂದು ಕೂಡಿ ನೋಡುವುದು ಲೇಸು. ಮಣ್ಣು ಹತ್ತರಲ್ಲಿ ಒಂದೆರಡು ಪಾಲಾದರೆ, ಒತ್ತಾದ, ಗಿಡ್ಡ ಗುಬುಟುಗಳುಳ್ಳ ಮಧ್ಯಮ ಜಾತಿಯ ಟಯರು ಸಾಕು. ಅರ್ಧದಷ್ಟಿದ್ದರೆ ದೊಡ್ಡ ಗುಬುಟಿನದು. ಎರಡರ ನಡುವೆ ತೂಗುಯ್ಯಾಲೆಯಾಡುವವರಿಗೆ ಅನುಭವಿಗಳು ಬಳಸುವ ಮಧ್ಯಮಾರ್ಗವೊಂದಿದೆ: ಮುಂದೆ ಹೆಚ್ಚು ಗುಬುಟಿನ ಟಯರು, ಹಿಂದೆ ಕಡಿಮೆಯದು. ಹಿಂಚಕ್ರ ಜಾರಿದರೆ ಸವಾರನು ಸಾಮಾನ್ಯವಾಗಿ ಸಂಭಾಳಿಸಬಲ್ಲ. ಮುಂಚಕ್ರ ಜಾರಿದರೆ ಬಿದ್ದನೆಂದೇ ತಿಳಿಯಬೇಕು. ಎಂಜಿನ್ನಿನ ಬಲವನ್ನು ಹೊರುವ ಹಿಂಟಯರು ಬೇಗ ಸವೆಯುವುದರಿಂದ, ಅಲ್ಲಿ ಬಾಳಿಕೆಯದನ್ನು ಹಾಕಿದರೆ ಹಣವೂ ಉಳಿಯುತ್ತದೆ. ಆದರೂ ಮುಂದಿನ ಗುಬುಟು ಟಾರಿನಲ್ಲಿ ಬಳುಕುವುದು ತಪ್ಪದು. ಮಳೆಯಲ್ಲಿ ವೇಗ ತಗ್ಗಿಸಲೇಬೇಕು.

ಕಾಸಿಲ್ಲದೆ ಸಿಗುವ ಸಹಾಯವೂ ಒಂದುಂಟು: ಗಾಳಿ. ಹಿಂದಿನ ಲೆಕ್ಕದಲ್ಲಿ ಒತ್ತಡವನ್ನು 2ರಿಂದ 1.4ಕ್ಕೆ ಇಳಿಸಿದರೆ, ನೆಲಕ್ಕೆ ತಾಗುವ ತಾಣ 65ರಿಂದ ಸುಮಾರು 93 ಚದರ ಸೆಂಟಿಮೀಟರಿಗೆ ಹಿಗ್ಗುತ್ತದೆ. ಟಯರು ಕಲ್ಲನ್ನು ತಬ್ಬಿಕೊಂಡು ಹತ್ತುತ್ತದೆ. ತೀರ ಇಳಿಸಬಾರದು. ಕಡ್ಡಿಗಳ ಚಕ್ರಗಳಲ್ಲಿ ಬಹುಮಟ್ಟಿಗೆ ಟ್ಯೂಬು ಇರುತ್ತದೆ; ಗಾಳಿ ಕಡಿಮೆಯಾದರೆ ಅದು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹರಿಯುತ್ತದೆ. ಟಾರಿಗೆ ಮರಳಿದ ಕೂಡಲೇ ತಯಾರಕರು ಹೇಳಿದಷ್ಟು ಗಾಳಿ ತುಂಬಲೇಬೇಕು. ಇಲ್ಲವಾದರೆ ಟಯರಿನ ಗೋಡೆ ಮಡಚಿ ಮಡಚಿ ಕಾಯುತ್ತದೆ. ಆದುದರಿಂದ ಕೈಪಂಪು, ಒತ್ತಡಮಾಪಕ, ತೇಪೆಯ ಸಾಮಾನು ಚೀಲದಲ್ಲಿರಲಿ. ಇವುಗಳ ಬೆಲೆಯನ್ನೂ, ಇವೆಲ್ಲಕ್ಕೂ ಮುಂಚೆ ಒಳ್ಳೆಯ ಹೆಲ್ಮೆಟ್ಟಿನ ಬೆಲೆಯನ್ನೂ ವಾಹನದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಹಳೆಯ ಗಾಡಿ ಕೊಳ್ಳುವವರು ಇನ್ನೊಂದನ್ನು ನೋಡತಕ್ಕದ್ದು. ಟಯರಿನ ಪಕ್ಕದಲ್ಲಿ ಅಂಡಾಕಾರದ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದು. ಗುಬುಟು ಎಷ್ಟೇ ಎತ್ತರವಾಗಿ ಉಳಿದಿರಲಿ, ರಬ್ಬರು ವರ್ಷ ಕಳೆದಂತೆ ಗಡುಸಾಗುತ್ತದೆ. ಉಗುರಿನಿಂದ ಒತ್ತಿದರೆ ತಗ್ಗದ, ಬುಡದಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟ ಟಯರಿಗೆ ಬೆಲೆ ಕಟ್ಟದೆ, ಹೊಸ ಜೋಡಿಯ ಹಣವನ್ನು ಗಾಡಿಯ ಬೆಲೆಯಲ್ಲಿಯೇ ಕಳೆದು ಕೇಳಬೇಕು.