ತದ್ಭವಗಳ ಕಿರುನಿಘಂಟು
1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ಗಣಕಕ್ಕಾಗಿ ಎಕ್ಸ್‌ಎಮ್‌ಎಲ್ ರೂಪದಲ್ಲಿ ಬರೆದಿಟ್ಟಿದೆಯೆಂದು ಭಾವಿಸೋಣ. ಅದೊಂದು ಮರ. ಒಂದೊಂದು ಕೊಂಬೆಯ ಮೈಮೇಲೂ ಒಂದು ಪದ; ಅರ್ಥ, ಮೂಲ, ಪ್ರಯೋಗಗಳು ಅದರ ರೆಂಬೆಗಳು. ಇವುಗಳಿಂದ ತದ್ಭವಗಳನ್ನಷ್ಟೇ ಆಯ್ದು ಬೇರೊಂದು ಕಿರುನಿಘಂಟನ್ನು ಕಟ್ಟಬೇಕಾಗಿದೆ. ಆರಿಸುವುದು ಸುಲಭ, ಎಕ್ಸ್‌ಪಾತ್ ಸೂತ್ರವೊಂದು ಸಾಕು. ತೊಡಕಿರುವುದು ಮುಂದೆ. ಪ್ರತಿಯೊಂದು ಕೊಂಬೆಯೂ ತನ್ನ ಮರಕ್ಕೇ ಸೇರಿದುದು. ಅದನ್ನು ನೇರವಾಗಿ ಹೊಸ ಬುಡಕ್ಕೆ ಅಂಟಿಸಹೋದರೆ ಕೆಲವು ವ್ಯವಸ್ಥೆಗಳು ಒಪ್ಪವು. ಒಪ್ಪುವಂಥವು ಕಿತ್ತೇ ತರುವುವು, ಹಳೆಯ ನಿಘಂಟಿನಲ್ಲಿ ಆ ಪದವೇ ಇಲ್ಲವಾಗುವುದು. ಆದುದರಿಂದ ಹೊಸ ಬುಡವೊಂದನ್ನು (ಒಂದನ್ನೇ!) ನಿರ್ಮಿಸಿ, ‘ಇಂಪೋರ್ಟ್‌ನೋಡ್’ ಆಜ್ಞೆಯಿಂದ ಕೊಂಬೆಯ ಪ್ರತಿಯನ್ನು ಮಾಡಿಸಿ ಜೋಡಿಸುತ್ತೇವೆ. ಒಳಗಿನದೆಲ್ಲವೂ ಬರಲೆಂದು ಆ ಆಜ್ಞೆಯಲ್ಲಿ ಸೂಚಿಸದಿದ್ದರೆ ರೆಂಬೆಗಳು ಹಿಂದೆಯೇ ಉಳಿದು, ಪದಗಳೆಲ್ಲ ಇದ್ದೂ ಅರ್ಥವೊಂದೂ ಇಲ್ಲದ ನಿಘಂಟು ನಮ್ಮ ಕೈಸೇರುವುದು.